ಅತಿಥಿಯಾಗಿ ಹೋಗುವ ಮುನ್ನ

ನರಸಿಂಹರಾಜಪುರದಂತಹ ಊರಿನಲ್ಲಿ ಬೆಳೆದವರಿಗೆ ಬೇರೆಯವರ ರೀತಿ ರಿವಾಜುಗಳು ಹೊಸತಲ್ಲ. ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿ, ಕೇರಳದಿಂದ ಬಂದು ನೆಲೆಸಿದ ಕ್ರೈಸ್ತರ ಚರ್ಚುಗಳು, ನಮ್ಮ ಮಸೀದಿಗಳು ಎಲ್ಲವೂ ಇಲ್ಲಿವೆ. ರಮಝಾನ್‌ನಲ್ಲಿ ನಾವು ಸೂರ್ಯ ಮುಳುಗುವುದನ್ನು ಕಾದು ಉಪವಾಸ ತೊರೆಯುತ್ತೇವೆ. ವ್ರತನಿಷ್ಠ ಜೈನರ ಮನೆಯಲ್ಲಿ ಸೂರ್ಯ ಮುಳುಗುವುದರೊಳಗೆ ಊಟ ಮುಗಿದಿರುತ್ತದೆ. ಜೈನ ಗೆಳತಿ ಮನೆಗೆ ಬಂದರೆ ಹೊತ್ತು ನೋಡಿ ಹಣ್ಣನ್ನೋ ಎಳನೀರನ್ನೋ ಮುಂದಿಡುತ್ತೇವೆ. ನಾವು ಮಾಡಿದ್ದನ್ನೇ ತಿನ್ನಬೇಕೆಂದು ಒತ್ತಾಯಿಸುವುದಿಲ್ಲ. ಆಕೆಯೂ ನಮ್ಮ ಉಪವಾಸದ ದಿನ ನಮ್ಮೆದುರು ತಿನ್ನಲು ಸಂಕೋಚಪಡುತ್ತಾಳೆ.

ಇದೇ ತಿಳಿವಳಿಕೆ ದೂರದ ಪ್ರವಾಸದಲ್ಲೂ ಕೆಲಸಕ್ಕೆ ಬರುತ್ತದೆ. ಇಂದು ನಮ್ಮ ಕಡೆಯ ಸಾಮಾನ್ಯ ಕುಟುಂಬಗಳೂ ಥಾಯ್ಲೆಂಡಿಗೆ ಹೋಗಿ ಬರುತ್ತಿವೆ. ಬೌದ್ಧರೇ ಬಹುಸಂಖ್ಯಾತರಾಗಿರುವ ಆ ದೇಶಕ್ಕೆ ಹೊರಟಾಗ ನಮ್ಮ ಹೆಂಗಸರನ್ನು ಕಾಡುವ ಪ್ರಶ್ನೆ ಒಂದೇ: ಅವರ ಸಂಪ್ರದಾಯವನ್ನು ಗೌರವಿಸಲು ಹೋಗಿ ನಮ್ಮದನ್ನು ಬಿಟ್ಟುಕೊಡಬೇಕಾಗುತ್ತದೆಯೇ?

ಮೊದಲು ವಂದನೆಯ ವಿಷಯ. ಥಾಯ್ ಜನರು ಎರಡೂ ಕೈ ಜೋಡಿಸಿ ತಲೆ ಬಾಗಿಸುತ್ತಾರೆ. ಅದನ್ನು 'ವಾಯ್' ಎನ್ನುತ್ತಾರೆ. ಜೊತೆಗೆ ಹೇಳುವ 'ಸವಾದಿ' ಎಂಬ ಮಾತಿನ ಮೂಲ ಸಂಸ್ಕೃತದ 'ಸ್ವಸ್ತಿ'. ಹೆಣ್ಣುಮಕ್ಕಳು ಅದರ ಕೊನೆಗೆ 'ಖಾ' ಸೇರಿಸುತ್ತಾರೆ. ಇಲ್ಲಿ ಕೈ ಕುಲುಕುವ ಅಗತ್ಯವೇ ಇಲ್ಲ. ಪರಪುರುಷರ ಕೈ ಕುಲುಕಲು ಹಿಂಜರಿಯುವ ನಮ್ಮ ಸಹೋದರಿಯರಿಗೆ ಇದು ನೆಮ್ಮದಿಯ ಸಂಗತಿ. ಕೈ ಜೋಡಿಸಲು ಮನಸ್ಸಿಲ್ಲದವರು ಮುಗುಳ್ನಕ್ಕು ತಲೆಯಾಡಿಸಿದರೂ ವಿದೇಶೀಯರಲ್ಲಿ ಯಾರೂ ತಪ್ಪು ಹುಡುಕುವುದಿಲ್ಲ.

ಬೌದ್ಧ ಭಿಕ್ಷುಗಳು ಸ್ತ್ರೀಯರನ್ನು ಸ್ಪರ್ಶಿಸುವುದಿಲ್ಲ, ಅವರ ಕೈಯಿಂದ ನೇರವಾಗಿ ವಸ್ತುಗಳನ್ನು ಪಡೆಯುವುದೂ ಇಲ್ಲ. ಇದನ್ನು ಅವಮಾನವೆಂದು ಭಾವಿಸುವ ಪ್ರವಾಸಿಗಳಿದ್ದಾರೆ. ಆದರೆ ನಮಗೆ ಇದು ಅರ್ಥವಾಗದ ವಿಷಯವೇ? ಬಸ್ಸಿನಲ್ಲಿ ಭಿಕ್ಷುವಿನ ಪಕ್ಕದ ಆಸನ ಖಾಲಿಯಿದ್ದರೂ ಹೆಂಗಸರು ಕೂರಬಾರದು. ವಿಹಾರಗಳಿಗೆ ಹೋಗುವವರು ಭುಜ, ಮೊಣಕಾಲು ಮುಚ್ಚುವ ಉಡುಪು ಧರಿಸಬೇಕು. ನಮ್ಮ ಉಡುಪಿಗೆ ಅಲ್ಲಿ ತಕರಾರಿಲ್ಲ. ಒಳಗೆ ಹೋದವರು ಪೂಜೆ ಮಾಡಬೇಕೆಂದಿಲ್ಲ. ಪಾದರಕ್ಷೆ ಕಳಚಿ, ಬುದ್ಧನ ಪ್ರತಿಮೆಯ ಕಡೆ ಕಾಲು ಚಾಚದೆ, ಮೌನವಾಗಿದ್ದರೆ ಸಾಕು.

ನಾವು ನಿಜವಾಗಿ ಎಡವುವುದು ಪ್ರೀತಿಯ ವಿಷಯದಲ್ಲಿ. ನಮ್ಮಲ್ಲಿ ಮಗುವನ್ನು ಕಂಡರೆ ತಲೆ ನೇವರಿಸಿ ದುಆ ಮಾಡುತ್ತೇವೆ. ಅಲ್ಲಿ ತಲೆಯು ದೇಹದ ಅತ್ಯಂತ ಪವಿತ್ರ ಭಾಗ. ಅಪರಿಚಿತರ ಮಗುವಿನ ತಲೆ ಮುಟ್ಟುವುದು ಅಸಭ್ಯತನ. ಕಾಲು ಅತ್ಯಂತ ಕೀಳು, ಕಾಲಿನಿಂದ ಏನನ್ನೂ ತೋರಿಸಬಾರದು. ಉರುಳಿ ಹೋಗುವ ನಾಣ್ಯವನ್ನು ಕಾಲಿನಿಂದ ತಡೆಯಲೂಬಾರದು, ಏಕೆಂದರೆ ಅದರ ಮೇಲೆ ರಾಜರ ಚಿತ್ರವಿದೆ. ರಾಜಮನೆತನದ ನಿಂದನೆಗೆ ಅಲ್ಲಿನ ದಂಡಸಂಹಿತೆಯ 112ನೇ ಕಲಮಿನ ಪ್ರಕಾರ 3ರಿಂದ 15 ವರ್ಷಗಳ ಸೆರೆವಾಸವಿದೆ. ತಮಾಷೆಗೂ ಆ ಮಾತು ಬೇಡ. ಬೆಳಿಗ್ಗೆ 8 ಮತ್ತು ಸಂಜೆ 6 ಗಂಟೆಗೆ ರಾಷ್ಟ್ರಗೀತೆ ಕೇಳಿಸಿದರೆ ಇತರರಂತೆ ನೀವೂ ನಿಲ್ಲಿರಿ.

ಆದರೆ ಊಟದ ವಿಷಯದಲ್ಲಿ ಸಂಕೋಚ ಬೇಡ. ತರಕಾರಿ ಪದಾರ್ಥದಲ್ಲೂ ಹಂದಿಯ ಕೊಬ್ಬು ಸೇರಿರಬಹುದು. ಕೇಳಿ ತಿಳಿದುಕೊಳ್ಳಿ, ಬೇಡವಾದರೆ ನಗುತ್ತಲೇ ನಿರಾಕರಿಸಿ. ಅಲ್ಲಿ ಧ್ವನಿ ಏರಿಸಿದವರು ಗೌರವ ಕಳೆದುಕೊಳ್ಳುತ್ತಾರೆ. 'ಹಲಾಲ್' ಎಂಬ ಮುದ್ರೆಯಿರುವ ಪದಾರ್ಥಗಳೂ ಅಲ್ಲಿ ಸಿಗುತ್ತವೆ. ಬ್ಯಾಂಕಾಕಿನ ಚುಲಲಾಂಗ್‌ಕಾರ್ನ್ ವಿಶ್ವವಿದ್ಯಾನಿಲಯದಲ್ಲಿ ಹಲಾಲ್ ವಿಜ್ಞಾನ ಕೇಂದ್ರವೇ ಇದೆ.

ಮುಸ್ಲಿಮರು ಆ ನಾಡಿಗೆ ಹೊಸಬರೂ ಅಲ್ಲ. 17ನೇ ಶತಮಾನದಲ್ಲಿ ಪರ್ಷಿಯಾದ ವ್ಯಾಪಾರಿ ಶೇಖ್ ಅಹ್ಮದ್ ಅಯುತ್ಥಯದ ಅರಮನೆಯಲ್ಲಿ ಉನ್ನತ ಹುದ್ದೆಗೇರಿದ್ದರು. ದಕ್ಷಿಣದ ಪಟ್ಟಾನಿ, ಯಾಲಾ, ನರಾಥಿವಾತ್ ಪ್ರಾಂತಗಳಲ್ಲಿ ಇಂದಿಗೂ ಮುಸ್ಲಿಮರೇ ಬಹುಸಂಖ್ಯಾತರು. ಅವರು ಬೌದ್ಧರ ನಾಡಿನಲ್ಲಿದ್ದುಕೊಂಡೇ ಸಲಾಮ್ ಹೇಳುತ್ತಾರೆ, ನಮಾಝ್ ಮಾಡುತ್ತಾರೆ.

ಗೌರವಿಸುವುದು ಬೇರೆ, ಅನುಸರಿಸುವುದು ಬೇರೆ. ಸೂರ್ಯಾಸ್ತಕ್ಕೆ ಮುಂಚೆ ಗೆಳತಿಯ ಮುಂದೆ ಹಣ್ಣಿನ ತಟ್ಟೆ ಇಟ್ಟ ಹೆಂಗಸು ಜೈನಳಾಗಲಿಲ್ಲ, ಒಳ್ಳೆಯ ನೆರೆಯವಳಾದಳು. ಆ ಗುಣವನ್ನೂ ಪ್ರವಾಸದ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೊರಡೋಣ.