ಸೋರಿಕೆ ತಡೆಯುವ ಸೀಸೆ: ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು?

ಸಕಲೇಶಪುರ, ಆಲೂರು ಸೀಮೆಯ ಕಾಫಿ ತೋಟಗಳಲ್ಲಿ ಹಳೆಯ ಜೀಪುಗಳಿಗೆ ಇನ್ನೂ ಕೆಲಸವಿದೆ. ಮಳೆಗಾಲದ ಕೆಸರಿನಲ್ಲಿ ಗೊಬ್ಬರದ ಚೀಲ ಹೊತ್ತು ದಿಣ್ಣೆ ಏರುವುದಕ್ಕೂ, ಕೊಯ್ಲಿನ ದಿನಗಳಲ್ಲಿ ಹಣ್ಣನ್ನು ಕಣಕ್ಕೆ ಸಾಗಿಸುವುದಕ್ಕೂ ಇಪ್ಪತ್ತು, ಮೂವತ್ತು ವರ್ಷ ದುಡಿದ ಗಾಡಿಗಳೇ ಒದಗುತ್ತವೆ. ಇಂಥ ಜೀಪು ರಾತ್ರಿ ನಿಂತ ಜಾಗದಲ್ಲಿ ಬೆಳಿಗ್ಗೆ ಒಂದು ಕಲೆ ಕಾಣುವುದು ಮಾಮೂಲು. ಬಿಡಿಭಾಗಗಳ ಅಂಗಡಿಗೆ ಹೋದರೆ ಸೋರಿಕೆ ನಿಲ್ಲಿಸುವುದೆಂಬ ಸೀಸೆಗಳು ಸಿಗುತ್ತವೆ. ಸುರಿದರೆ ಸಾಕು, ಬಿಚ್ಚಬೇಕಾಗಿಲ್ಲ ಎಂಬುದು ಅವುಗಳ ಆಕರ್ಷಣೆ. ಇದರಲ್ಲಿ ಎಷ್ಟು ನಿಜ?

ಕೆಲವು ವರ್ಷಗಳ ಹಿಂದೆ ಬಂಧುವೊಬ್ಬರ ಜೀಪಿನಲ್ಲಿ ಗುಂಡ್ಯದಿಂದ ಶಿರಾಡಿ ಘಾಟಿ ಏರುತ್ತಿದ್ದೆವು. ಮಾರನಹಳ್ಳಿ ತಲಪುವ ಮೊದಲೇ ರೇಡಿಯೇಟರ್‌ನಿಂದ ಆವಿ ಏಳತೊಡಗಿತು. ಚಾಲಕ ಎಂಜಿನ್ ನಿಲ್ಲಿಸಿ ಮುಕ್ಕಾಲು ಗಂಟೆ ಸುಮ್ಮನೆ ಕುಳಿತ. ಆಮೇಲೆ ಮುಚ್ಚಳ ತೆಗೆದು, ನೀರು ತುಂಬಿ, ಒಂದು ಪೊಟ್ಟಣ ಅರಿಶಿನ ಪುಡಿ ಸುರಿದ. "ಮನೆ ಸೇರೋ ತನಕ ತಡೀತದೆ ಸಾರ್. ನಾಳೆ ಆಲೂರಿಗೆ ಒಯ್ದು ಬೆಸುಗೆ ಹಾಕಿಸ್ಬೇಕು" ಎಂದ. ತಡೆಯಿತು. ಭೌತವಿಜ್ಞಾನ ಪಾಠ ಮಾಡುವ ನನಗೆ ಆ ಎರಡು ವಾಕ್ಯಗಳಲ್ಲಿ ಎರಡನೆಯದೇ ಹೆಚ್ಚು ಮೆಚ್ಚುಗೆಯಾಯಿತು.

ಮೊದಲು ಆ ಮುಕ್ಕಾಲು ಗಂಟೆಯ ವಿಚಾರ. ಸಕಲೇಶಪುರ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ತೆರೆದ ಪಾತ್ರೆಯಲ್ಲಿ ಸುಮಾರು 97° ಸೆ.ನಲ್ಲೇ ಕುದಿಯುತ್ತದೆ. ರೇಡಿಯೇಟರ್‌ನ ಮುಚ್ಚಳದಲ್ಲಿರುವ ಸ್ಪ್ರಿಂಗ್ ಒಳಗಿನ ಒತ್ತಡವನ್ನು ಹೆಚ್ಚಿಸಿ ಕುದಿಬಿಂದುವನ್ನು ಮೇಲೇರಿಸುತ್ತದೆ. ಹೊರಗಿನ ಗಾಳಿಗಿಂತ ಅರ್ಧ ವಾಯುಮಂಡಲದಷ್ಟು ಹೆಚ್ಚು ಒತ್ತಡವಿದ್ದರೆ ಅದು 109° ಸೆ.ನ ಆಸುಪಾಸಿಗೆ ಬರುತ್ತದೆ. ಬಿಸಿಯಿರುವಾಗ ಮುಚ್ಚಳ ತೆಗೆದರೆ ಒತ್ತಡ ಒಮ್ಮೆಲೇ ಇಳಿದು ನೀರು ಭುಗಿಲೆಂದು ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಸೋರಿಕೆಯೂ ಇದನ್ನೇ ನಿಧಾನವಾಗಿ ಮಾಡುತ್ತದೆ. ನೀರಿನೊಂದಿಗೆ ಒತ್ತಡವೂ ಹೋಗುತ್ತದೆ, ಕುದಿಬಿಂದು ಇಳಿಯುತ್ತದೆ.

ಅರಿಶಿನ ಮಾಡಿದ್ದೇನು? ಕಾಫಿ ಅಥವಾ ಮೆಣಸನ್ನು ಹಾಪರ್‌ಗೆ ಸುರಿದಾಗ ಕೆಳಗಿನ ಬಾಯಿ ಕಿರಿದಾಗಿದ್ದರೆ ಕಾಳುಗಳು ಒಂದಕ್ಕೊಂದು ಆತುಕೊಂಡು ಕಮಾನು ಕಟ್ಟಿ ನಿಂತುಬಿಡುವುದನ್ನು ನೋಡಿರುತ್ತೀರಿ. ಪ್ರತಿ ಕಾಳೂ ಬಾಯಿಗಿಂತ ಚಿಕ್ಕದೇ, ಆದರೂ ಹರಿವು ನಿಲ್ಲುತ್ತದೆ. ಬಾಯಿಯ ವ್ಯಾಸ ಕಾಳಿನ ವ್ಯಾಸದ ಸುಮಾರು ಐದು ಪಟ್ಟು ಮೀರಿದರೆ ಹೀಗಾಗುವುದು ತೀರಾ ಅಪರೂಪ. ರೇಡಿಯೇಟರ್‌ನ ಬಿರುಕಿನಲ್ಲೂ ಪುಡಿಯ ಕಣಗಳು ಹೀಗೆಯೇ ಕಮಾನು ಕಟ್ಟುತ್ತವೆ. ಅರಿಶಿನದಲ್ಲಿ ಪಿಷ್ಟ ಧಾರಾಳವಾಗಿದೆ. ಬಿಸಿನೀರಿನಲ್ಲಿ ಅದು ಉಬ್ಬಿ ಗಂಜಿಯಂತೆ ಅಂಟಾಗಿ ಉಳಿದ ಸಂದುಗಳನ್ನು ತುಂಬುತ್ತದೆ. ಪೂರ್ತಿ ಮುಚ್ಚದಿದ್ದರೂ ಲಾಭವಿದೆ. ಕಿರಿದಾದ ಕೊಳವೆಯಲ್ಲಿ ಶಾಂತವಾದ ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುವುದರಿಂದ, ತ್ರಿಜ್ಯ ಅರ್ಧವಾದರೆ ಸೋರಿಕೆ ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಸೆಕೆಂಡಿಗೆ ಒಂದು ಹನಿಯೆಂದರೆ, 20 ಹನಿಗೆ 1 ಮಿ.ಲೀ. ಎಂದು ಹಿಡಿದರೂ, ದಿನಕ್ಕೆ 4 ಲೀಟರಿಗೂ ಹೆಚ್ಚು. ಹದಿನಾರನೆಯ ಒಂದು ಭಾಗವೆಂದರೆ ಸುಮಾರು ಒಂದು ದೊಡ್ಡ ಲೋಟದಷ್ಟು.

ಸೀಸೆಯಲ್ಲಿ ಬರುವ ಸರಕೂ ಇದರ ಸುಧಾರಿತ ರೂಪವೇ: ಸಸ್ಯದ ನಾರು, ಲೋಹದ ಪುಡಿ, ಕೆಲವದರಲ್ಲಿ ಸೋಡಿಯಂ ಸಿಲಿಕೇಟ್. ಇದನ್ನು ಹಗುರವಾಗಿ ಕಾಣಬೇಡಿ. 1958ರಲ್ಲಿ ಅಮೆರಿಕದ ಪರಮಾಣು ಜಲಾಂತರ್ಗಾಮಿ 'ನಾಟಿಲಸ್' ಉತ್ತರ ಧ್ರುವಕ್ಕೆ ಹೊರಡುವ ಮುನ್ನ ಅದರ ಕಂಡೆನ್ಸರ್‌ನಲ್ಲಿ ಸಮುದ್ರದ ನೀರು ಸೋರುತ್ತಿತ್ತು. ನಾವಿಕರು ಸಿಯಾಟಲ್ ನಗರದ ಪೆಟ್ರೋಲ್ ಬಂಕುಗಳಿಂದ ಕಾರಿನ ಸೋರಿಕೆ ತಡೆಯುವ ಡಬ್ಬಿಗಳನ್ನೇ ಕೊಂಡು ತಂದು ಸುರಿದರು, ಸೋರಿಕೆ ನಿಂತಿತು. ಆ ವರ್ಷದ ಆಗಸ್ಟ್ 3ರಂದು ಅದು ಧ್ರುವದ ಹಿಮದಡಿ ಹಾದುಹೋಯಿತು.

ಆದರೆ ಕಣಕ್ಕೆ ಬುದ್ಧಿಯಿಲ್ಲ. ತೂತು ಯಾವುದು, ದಾರಿ ಯಾವುದು ಎಂದು ಅದಕ್ಕೆ ತಿಳಿಯದು. ಸೋರುವ ಬಾಯಲ್ಲಿ ನೀರು ಹೊರಹೋಗುತ್ತದೆ, ಕಣ ಉಳಿಯುತ್ತದೆ. ರೇಡಿಯೇಟರ್‌ನ ಸಾಮಾನ್ಯ ಕೊಳವೆಯಲ್ಲಿ ನೀರಿನ ಜೊತೆಗೆ ಕಣವೂ ಮುಂದೆ ಸಾಗುತ್ತದೆ. ಇಷ್ಟೇ ವ್ಯತ್ಯಾಸ. ಆ ಕೊಳವೆಯಲ್ಲಿ ಮೊದಲೇ ಸುಣ್ಣದ ಗಸಿ ಕಟ್ಟಿದ್ದರೆ ಈ ವ್ಯತ್ಯಾಸವೂ ಅಳಿಯುತ್ತದೆ. ಮರುದಿನ ಆಲೂರಿನಲ್ಲಿ ಬಿಚ್ಚಿದಾಗ ನಮ್ಮ ಜೀಪಿನ ಕೆಲವು ಕೊಳವೆಗಳಲ್ಲಿ ಹಳದಿ ಮುದ್ದೆ ಕೂತಿತ್ತು. ಮೆಕ್ಯಾನಿಕ್ ನಗುತ್ತ "ಒಳ್ಳೆ ಸಾಂಬಾರು ಸಾರ್" ಎಂದ.

ಎಂಜಿನ್ ಎಣ್ಣೆಯ ಸೋರಿಕೆಗೆ ಮಾರುವ ಸೀಸೆಯ ಕ್ರಮವೇ ಬೇರೆ. ಅದು ತೂತು ಮುಚ್ಚುವುದಿಲ್ಲ, ರಬ್ಬರನ್ನು ಉಬ್ಬಿಸುತ್ತದೆ. ಎಣ್ಣೆ ತಡೆಯುವ ಸೀಲುಗಳಲ್ಲಿ ಸಾಮಾನ್ಯವಾದದ್ದು ನೈಟ್ರೈಲ್ ರಬ್ಬರ್. ಅದರ ಉದ್ದುದ್ದ ಅಣುಗಳು ಅಲ್ಲಲ್ಲಿ ಬೆಸೆದುಕೊಂಡು ಬಲೆಯಂತಿರುತ್ತವೆ; ನಡುವೆ ಮೆದುತನ ಕೊಡುವ ಚಿಕ್ಕ ಅಣುಗಳಿರುತ್ತವೆ. ವರ್ಷಗಟ್ಟಲೆ ಬಿಸಿ ಎಣ್ಣೆಯಲ್ಲಿ ಬೆಂದು ಈ ಚಿಕ್ಕ ಅಣುಗಳು ಹೊರಟುಹೋಗುತ್ತವೆ, ಬೆಸುಗೆಗಳು ಹೆಚ್ಚುತ್ತವೆ, ಸೀಲು ಕುಗ್ಗಿ ಗಡುಸಾಗುತ್ತದೆ. ಸೀಸೆಯಲ್ಲಿರುವ ಎಸ್ಟರ್‌ನಂಥ ದ್ರವ ಮತ್ತೆ ಬಲೆಯೊಳಗೆ ವಿಸರಣಗೊಳ್ಳುತ್ತದೆ. ಬಲೆ ಹಿಗ್ಗುತ್ತದೆ, ಹಿಗ್ಗಿದಷ್ಟೂ ಅದರ ಎಳೆತ ಹೆಚ್ಚಿ ಒಂದು ಹಂತದಲ್ಲಿ ನಿಲ್ಲುತ್ತದೆ. ಈ ಸಮತೋಲದ ಗಣಿತವನ್ನು ಫ್ಲೋರಿ ಮತ್ತು ರೇನರ್ 1943ರಲ್ಲಿ ಕೊಟ್ಟರು. ವಿಸರಣ ನಿಧಾನದ ಕೆಲಸ: ದಪ್ಪ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು. ಆದ್ದರಿಂದ ಸಂಜೆ ಸುರಿದು ಬೆಳಿಗ್ಗೆ ಫಲ ನೋಡುವುದು ಅವಸರ. ಸೀಲಿನ ಅಂಚು ಸವೆದಿದ್ದರೆ, ಹರಿದಿದ್ದರೆ ಉಬ್ಬಿಸಿ ಪ್ರಯೋಜನವಿಲ್ಲ. ಕೆಲವು ಹಳೆಯ ಎಂಜಿನ್‌ಗಳ ಹಿಂಬದಿಯಲ್ಲಿ ಸೀಲಿನ ಬದಲು ಗ್ರಾಫೈಟ್ ಹಚ್ಚಿದ ಹಗ್ಗವಿರುತ್ತದೆ. ಅದಕ್ಕೆ ಈ ಮದ್ದು ನಾಟುವುದೇ ಇಲ್ಲ.

ಇನ್ನು ಬ್ರೇಕ್. ಇಲ್ಲಿ ಯಾವ ಸೀಸೆಯೂ ಬೇಡ. ಬ್ರೇಕ್ ದ್ರವ ಸಾಮಾನ್ಯವಾಗಿ ಗ್ಲೈಕಾಲ್ ಜಾತಿಯದು. ಅದಕ್ಕೆ ಹೊಂದುವ ರಬ್ಬರ್ ಖನಿಜ ತೈಲ ಸೋಕಿದರೆ ವಿಪರೀತ ಉಬ್ಬುತ್ತದೆ. ದ್ರವ ಕಡಮೆಯಾಯಿತೆಂದು ಒಂದಿಷ್ಟು ಎಂಜಿನ್ ಎಣ್ಣೆ ಸುರಿಯುವ ರೂಢಿ ತೋಟಗಳಲ್ಲಿ ನಾನೇ ಕಂಡಿದ್ದೇನೆ. ಎಂಜಿನ್ನಿನ ಸೀಲಿಗೆ ಹದವಾಗಿ ಒದಗಿದ ಉಬ್ಬುವಿಕೆ ಇಲ್ಲಿ ಕೊಲ್ಲುತ್ತದೆ: ರಬ್ಬರ್ ಕಪ್ಪುಗಳು ಸಿಲಿಂಡರಿನಲ್ಲಿ ಸಿಕ್ಕಿಕೊಳ್ಳುತ್ತವೆ ಅಥವಾ ಹರಿಯುತ್ತವೆ. ಕಣಗಳನ್ನು ಹಾಕಿದರೂ ಅಪಾಯವೇ. ಮಾಸ್ಟರ್ ಸಿಲಿಂಡರಿನಲ್ಲಿ ದ್ರವ ಹಿಂದಿರುಗಲು ಒಂದು ಮಿ.ಮೀ.ಗೂ ಕಿರಿದಾದ ರಂಧ್ರವಿರುತ್ತದೆ. ಅದು ಕಟ್ಟಿಕೊಂಡರೆ ಕಾದು ಹಿಗ್ಗಿದ ದ್ರವಕ್ಕೆ ದಾರಿಯಿಲ್ಲದೆ ಬ್ರೇಕ್ ತಾನಾಗಿಯೇ ಹಿಡಿದುಕೊಂಡು ಇನ್ನಷ್ಟು ಕಾಯುತ್ತದೆ. 1500 ಕಿ.ಗ್ರಾಂ. ಜೀಪು 100 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 15 ಲಕ್ಷ ಜೂಲ್. ನಾಲ್ಕೂವರೆ ಲೀಟರಿಗೂ ಹೆಚ್ಚು ನೀರನ್ನು 25° ಯಿಂದ 100° ಸೆ.ಗೆ ಏರಿಸಲು ಸಾಕು. ಗೇರಿನಲ್ಲಿ ಎಂಜಿನ್ ತಡೆದಷ್ಟು ತಡೆಯುತ್ತದೆ, ಉಳಿದದ್ದೆಲ್ಲ ಬ್ರೇಕಿನ ಪಾಲು. ಶಿರಾಡಿ ಘಾಟಿ 100 ಮೀಟರಿನ ಎಷ್ಟೋ ಪಟ್ಟು ಇಳಿಯುತ್ತದೆ.

ಹಾಗಾದರೆ ನೆಲದ ಮೇಲಿನ ಕಲೆ ಯಾವುದರದ್ದು? ರಾತ್ರಿ ಗಾಡಿಯಡಿ ಹಳೆಯ ಬಿಳಿ ರಟ್ಟು ಹಾಸಿಡಿ. ಚಕ್ರದ ಒಳಮೈಯ ಬಳಿ ಅಥವಾ ಪೆಡಲಿನ ಕೆಳಗೆ ತಿಳಿಯಾದ, ಜಾರುವ ಒದ್ದೆ ಕಂಡರೆ ಒಂದೆರಡು ಹನಿಯನ್ನು ಲೋಟದ ನೀರಿಗೆ ಬಿಡಿ. ಎಣ್ಣೆ ತೇಲುತ್ತದೆ. ಬ್ರೇಕ್ ದ್ರವ ನೀರಿನೊಂದಿಗೆ ಬೆರೆತುಹೋಗುತ್ತದೆ. ಬಣ್ಣದ ಕೂಲೆಂಟ್ ಕೂಡ ಬೆರೆಯುತ್ತದೆ, ಆದರೆ ಅದರ ಕಲೆ ಮುಂಭಾಗದಲ್ಲಿ, ರೇಡಿಯೇಟರ್ ಮತ್ತು ಎಂಜಿನ್ನಿನ ಕೆಳಗಿರುತ್ತದೆ. ಮಕ್ಕಳಿಗೆ ತೋರಿಸುವಾಗ ಯಾವುದನ್ನೂ ನಾಲಿಗೆಗೆ ತಾಕಿಸಲು ಬಿಡಬೇಡಿ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಲೋಟದಲ್ಲಿ ಬೆರೆತದ್ದು ಬ್ರೇಕ್ ದ್ರವವೆಂಬ ಅನುಮಾನ ಬಂದರೂ ಸಾಕು, ಆ ದಿನ ಗಾಡಿ ತೋಟದ ಗೇಟು ದಾಟುವುದು ಬೇಡ. ಮೆಕ್ಯಾನಿಕನನ್ನೇ ಅಲ್ಲಿಗೆ ಕರೆಸಿ.