ದಡದ ಮೇಲೆ ಕಲಿತ ಈಜು

1877ರಲ್ಲಿ ಟೋಕಿಯೋ ನಗರದ ವಿದ್ಯಾರ್ಥಿಯೊಬ್ಬನು ಮೂಳೆವೈದ್ಯರ ಮನೆಗಳ ಬಾಗಿಲನ್ನು ಒಂದೊಂದಾಗಿ ತಟ್ಟುತ್ತಿದ್ದನು. ಅವನ ಮೂಳೆಯೇನೂ ಮುರಿದಿರಲಿಲ್ಲ. ಅವನಿಗೆ ಬೇಕಾಗಿದ್ದುದು ಜುಜುತ್ಸು ಎಂಬ ಮಲ್ಲವಿದ್ಯೆಯನ್ನು ಕಲಿಸುವ ಗುರು. ಸಮುರಾಯಿಗಳ ಕಾಲ ಮುಗಿದು ಆ ವಿದ್ಯೆಗೆ ಮನ್ನಣೆ ತಪ್ಪಿದ್ದಿತು. ಅದನ್ನು ಬಲ್ಲ ಹಿರಿಯರಲ್ಲಿ ಹಲವರು ಉಳುಕು ತೆಗೆದು, ಮೂಳೆ ಕೂಡಿಸಿ ಜೀವನ ಸಾಗಿಸುತ್ತಿದ್ದರು. ಕುಳ್ಳಗೆ, ಸಣಕಲಾಗಿದ್ದ ಆ ಹುಡುಗನು ಜೊತೆಯ ಪುಂಡರ ಕಾಟದಿಂದ ನೊಂದಿದ್ದನು. ಮುಂದೆ ಜಪಾನಿನ ಹೆಸರಾಂತ ಶಿಕ್ಷಣತಜ್ಞರಾಗಿ, ಜ್ಯೂಡೋ ವಿದ್ಯೆಯ ಜನಕರೆನಿಸಿದ ಜಿಗೊರೊ ಕಾನೋ ಅವರೇ ಆ ಹುಡುಗ.

ದೊರೆತ ಗುರು ಫುಕುದಾ ಮಿತಭಾಷಿ. ಈ ಪಟ್ಟಿನಲ್ಲಿ ಕೈ ಹೇಗೆ, ಕಾಲು ಹೇಗೆ ಎಂದು ಶಿಷ್ಯನು ಕೇಳಿದರೆ, ಉತ್ತರಕ್ಕೆ ಬದಲಾಗಿ ಅವನನ್ನು ಮತ್ತೆ ಮತ್ತೆ ಎತ್ತಿ ಕೆಡಹುತ್ತಿದ್ದರಂತೆ! ಭಾರಿ ಆಳಾದ ಸಹಪಾಠಿಯೊಬ್ಬನು ಮಾತ್ರ ಕಾನೋ ಅವರ ಯಾವ ಪಟ್ಟಿಗೂ ಜಗ್ಗಲಿಲ್ಲ. ಕಾನೋ ಪುಸ್ತಕಾಲಯಕ್ಕೆ ಹೋಗಿ ಪಾಶ್ಚಾತ್ಯ ಕುಸ್ತಿಯ ಗ್ರಂಥವನ್ನು ತಿರುವಿದರು. ಎದುರಾಳಿಯನ್ನು ಹೆಗಲಿಗೇರಿಸಿ ಎಸೆಯುವ ಉಪಾಯವನ್ನು ಅಲ್ಲಿ ಕಂಡುಕೊಂಡು, ಅವನನ್ನು ಉರುಳಿಸಿದರು. ಬಗ್ಗದ ಎದುರಾಳಿಯೇ ನಿಜವಾದ ಗುರುವೆಂಬುದು ಅವರಿಗೆ ಮನದಟ್ಟಾಯಿತು.

1882ರಲ್ಲಿ ಟೋಕಿಯೋದ ಒಂದು ಬೌದ್ಧ ದೇವಾಲಯದಲ್ಲಿ, ಹನ್ನೆರಡು ಚಾಪೆಗಳಷ್ಟು ಜಾಗದಲ್ಲಿ, ಅವರ ಕೊಡೋಕಾನ್ ಶಾಲೆ ಆರಂಭವಾಯಿತು. ಹಳೆಯ ಪದ್ಧತಿಗಳಲ್ಲಿ ಮರ್ಮಸ್ಥಾನಕ್ಕೆ ಗುದ್ದುವ, ಕೀಲು ಮುರಿಯುವ ಘೋರವಾದ ಪಟ್ಟುಗಳಿದ್ದವು. ಅವನ್ನು ಗೆಳೆಯನ ಮೇಲೆ ಪೂರ್ಣಬಲದಿಂದ ಪ್ರಯೋಗಿಸುವಂತಿರಲಿಲ್ಲ. ಆದುದರಿಂದ ಮೊದಲೇ ಗೊತ್ತುಮಾಡಿಕೊಂಡ ಕ್ರಮದಲ್ಲಿ ಒಬ್ಬನು ಹೊಡೆದಂತೆ, ಇನ್ನೊಬ್ಬನು ಬಿದ್ದಂತೆ ನಟಿಸಬೇಕಾಗುತ್ತಿತ್ತು. ಕಾನೋ ಇಂಥ ಪಟ್ಟುಗಳನ್ನು ಕ್ರಮಬದ್ಧ ಅಭ್ಯಾಸಕ್ಕೆ ಮೀಸಲಿಟ್ಟು, ಪೆಟ್ಟಾಗದಂತೆ ಬೀಳುವುದನ್ನು ಮೊದಲು ಕಲಿಸಿ, ಉಳಿದ ಪಟ್ಟುಗಳಲ್ಲಿ ದಿನವೂ ಇಬ್ಬರೂ ಮನಸಾರೆ ಸೆಣಸುವಂತೆ ಮಾಡಿದರು. ಅಪಾಯ ಕಡಮೆಯಾದಂತೆ ಅಭ್ಯಾಸವು ನಿಜವಾಯಿತು! 1880ರ ದಶಕದಲ್ಲಿ ಟೋಕಿಯೋ ಪೊಲೀಸರು ಏರ್ಪಡಿಸಿದ ಪಂದ್ಯಗಳಲ್ಲಿ ಹಳೆಯ ಶಾಲೆಗಳ ಜಟ್ಟಿಗಳನ್ನು ಕೊಡೋಕಾನ್‌ನ ತರುಣರು ಸೋಲಿಸಿದರು.

ಆದರೆ ಕಾನೋ ಕ್ರಮಬದ್ಧ ಅಭ್ಯಾಸವನ್ನು ಹೀಗಳೆಯಲಿಲ್ಲ. ಅದು ವ್ಯಾಕರಣ, ಸೆಣಸಾಟವು ಪ್ರಬಂಧರಚನೆ ಎಂದು ಹೋಲಿಸಿದರು. ವ್ಯಾಕರಣವನ್ನು ಕಂಠಪಾಠ ಮಾಡಿದ ಮಾತ್ರಕ್ಕೆ ಯಾರೂ ಲೇಖಕರಾಗುವುದಿಲ್ಲವಷ್ಟೆ. ನಮ್ಮ ಗರಡಿಗಳೂ ಇದನ್ನು ಅರಿತಿದ್ದವು. ದಂಡ, ಬಸ್ಕಿ, ಸಾಮುಗಳು ಎಷ್ಟೇ ನಡೆಯಲಿ, ಕೊನೆಗೆ ಕೆಮ್ಮಣ್ಣಿನ ಅಂಕಣದಲ್ಲಿ ಜೋಡಿಯೊಡನೆ ಹಿಡಿದಾಡಲೇಬೇಕು.

ಇಂದು ಊರೂರಿನಲ್ಲಿ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆಯ ಶಿಬಿರಗಳು ನಡೆಯುತ್ತವೆ. ವೇದಿಕೆಯ ಮೇಲೆ ಬಾಲಕಿ ಗೆಳತಿಯ ಮಣಿಕಟ್ಟನ್ನು ತಿರುವುತ್ತಾಳೆ. ಗೆಳತಿ ಒಪ್ಪಂದದಂತೆ ಬೀಳುತ್ತಾಳೆ. ತಾಯಿತಂದೆಯರು ಚಪ್ಪಾಳೆ ತಟ್ಟುತ್ತಾರೆ. ನಿಜವಾದ ದುಷ್ಟನು ಹಾಗೆ ಬೀಳುವನೆ? ವಿದ್ಯೆಯಿಲ್ಲದವಳು ಅಪಾಯವನ್ನು ಕಂಡು ದೂರ ಸರಿದಾಳು. ಹುಸಿ ಧೈರ್ಯದವಳು ಅದರ ಎದುರಿಗೇ ನಿಂತಾಳು.

ಹಾಗೆಂದು ಶಿಕ್ಷಣವೇ ವ್ಯರ್ಥವೆನ್ನಲಾಗದು. ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ ಸುಮಾರು 900 ವಿದ್ಯಾರ್ಥಿನಿಯರನ್ನು ಕುರಿತು ನಡೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಹನ್ನೆರಡು ಗಂಟೆಗಳ ಶಿಕ್ಷಣ ಪಡೆದವರಲ್ಲಿ ಒಂದು ವರ್ಷದೊಳಗೆ ಅತ್ಯಾಚಾರಕ್ಕೆ ತುತ್ತಾದವರು ನೂರಕ್ಕೆ 5.2, ಕೇವಲ ಕರಪತ್ರಗಳನ್ನು ಪಡೆದವರಲ್ಲಿ 9.8. ಅಲ್ಲಿ ಕಲಿಸಿದ್ದು ಪಟ್ಟುಗಳನ್ನಷ್ಟೇ ಅಲ್ಲ. ಅಪಾಯವು ಬಹುಮಟ್ಟಿಗೆ ಪರಿಚಿತರಿಂದಲೇ ಬರುವುದೆಂಬ ಅರಿವು, ಅದರ ಸುಳಿವನ್ನು ಗುರುತಿಸುವ ಬಗೆ, ದಾಕ್ಷಿಣ್ಯವಿಲ್ಲದೆ 'ಬೇಡ' ಎನ್ನುವ ಅಭ್ಯಾಸ, ಕೊನೆಗೆ ಕೈಮಾಡುವ ಕ್ರಮ, ಇವೆಲ್ಲವೂ ಸೇರಿದ್ದವು.

ಸೆಣಸಾಟದ ಅಭ್ಯಾಸಕ್ಕೂ ಮಿತಿಯುಂಟು. ಅಖಾಡದಲ್ಲಿ ಎದುರಾಳಿ ಒಬ್ಬನೇ, ಅವನ ಕೈಯಲ್ಲಿ ಚೂರಿಯಿಲ್ಲ, ತಡೆಯಲು ತೀರ್ಪುಗಾರನಿದ್ದಾನೆ. ಬೀದಿಯಲ್ಲಿ ಇವಾವುದೂ ಖಚಿತವಲ್ಲ. ಆದುದರಿಂದ ಕೈಚೀಲವನ್ನು ಬಿಟ್ಟುಕೊಟ್ಟು, ಕೂಗಿ, ಓಡಿ ಪಾರಾಗುವುದನ್ನು ಹೇಳಿಕೊಡುವವನೇ ಪ್ರಾಮಾಣಿಕ ಗುರು.

ಮಕ್ಕಳನ್ನು ಇಂಥ ಶಾಲೆಗೆ ಸೇರಿಸುವ ಮುನ್ನ ತಾಯಿತಂದೆಯರು ಪದಕಗಳನ್ನೂ ಪಟ್ಟಿಯ ಬಣ್ಣವನ್ನೂ ನೋಡುವುದಕ್ಕಿಂತ ಒಂದು ಸಂಜೆ ಅಲ್ಲಿ ಕುಳಿತು ನೋಡುವುದು ಲೇಸು. ಜೋಡಿಯಾದವರು ಒಬ್ಬರನ್ನೊಬ್ಬರು ನಿಜವಾಗಿ ತಡೆಯುತ್ತಿರುವರೆ? ಸೋಲುವುದಕ್ಕೂ ಬೀಳುವುದಕ್ಕೂ ಅಲ್ಲಿ ಅವಕಾಶವಿದೆಯೆ? ಇದ್ದರೆ ಅಲ್ಲಿ ನೀರಿದೆಯೆಂದು ತಿಳಿಯಬೇಕು. ಇಲ್ಲವಾದರೆ, ಕೈಕಾಲು ಎಷ್ಟೇ ಸೊಗಸಾಗಿ ಆಡಲಿ, ಅದು ದಡದ ಮೇಲೆ ಕಲಿತ ಈಜು.