ನೆಟ್ ಇದೆ, ಸೈಟ್ ತೆರೆಯುತ್ತಿಲ್ಲ: ನಡುವೆ ನಿಂತವರು ಯಾರು?

ಅರ್ಜಿ ಸಲ್ಲಿಸಲು ಇಂದೇ ಕೊನೆಯ ದಿನ. ರೂಟರ್‌ನ ದೀಪಗಳು ಉರಿಯುತ್ತಿವೆ, ಅದೇ ವೈಫೈನಲ್ಲಿ ಮೊಬೈಲ್ ಚೆನ್ನಾಗಿಯೇ ಓಡುತ್ತಿದೆ. ಮನೆಯ ಕಂಪ್ಯೂಟರ್ ಮಾತ್ರ ‘ಪ್ರಾಕ್ಸಿ ಸರ್ವರ್ ಸಿಗುತ್ತಿಲ್ಲ’ ಎಂದು ಹಟ ಹಿಡಿದಿದೆ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಸುತ್ತಲಿನ ಹಳ್ಳಿಯವರಾದರೆ ಸಿಪಿಯು ಹೊತ್ತು ಬಸ್ ಹತ್ತಬೇಕು. ಹಾಸನದವರಿಗೆ ಅಂಗಡಿ ಹತ್ತಿರ, ಆದರೆ ಸಿಗುವ ಉತ್ತರ ಬಹುತೇಕ ಒಂದೇ: ‘ಫಾರ್ಮ್ಯಾಟ್ ಹೊಡೀಬೇಕು’. ಸೆಮಿಸ್ಟರ್ ಪ್ರಾಜೆಕ್ಟ್, ಸ್ಕ್ಯಾನ್ ಮಾಡಿಟ್ಟ ಅಂಕಪಟ್ಟಿ, ಮನೆಯವರ ಫೋಟೊ ಎಲ್ಲವನ್ನೂ ಕಳೆದುಕೊಳ್ಳುವ ಮೊದಲು ನಾವೇ ನೋಡಬಹುದಾದ ಕೆಲವು ಸಂಗತಿಗಳಿವೆ.

ಪ್ರಾಕ್ಸಿ ಎಂದರೆ ವೈರಸ್ ಅಲ್ಲ. ತಾಲ್ಲೂಕು ಕಚೇರಿಗೆ ನಾವೇ ಹೋಗದೆ ಬೇರೊಬ್ಬರ ಕೈಯಲ್ಲಿ ಕಾಗದ ಕೊಟ್ಟು ಕಳುಹಿಸುತ್ತೇವಲ್ಲ, ಹಾಗೆ ನಮ್ಮ ಬ್ರೌಸರ್ ಮತ್ತು ಇಂಟರ್ನೆಟ್ ನಡುವೆ ಓಡಾಡುವ ಮಧ್ಯವರ್ತಿ ಅದು. ಅನೇಕ ಕಾಲೇಜುಗಳ ಲ್ಯಾಬ್, ಹಾಸ್ಟೆಲ್‌ಗಳಲ್ಲಿ ಪ್ರಾಕ್ಸಿ ಮೂಲಕವೇ ನೆಟ್ ಸಿಗುತ್ತದೆ. ಅಲ್ಲಿ ಹಾಕಿದ ಸೆಟ್ಟಿಂಗ್ ರಜೆಯಲ್ಲಿ ಮನೆಗೆ ತಂದ ಲ್ಯಾಪ್‌ಟಾಪ್‌ನಲ್ಲಿ ಹಾಗೆಯೇ ಉಳಿದರೆ ನೆಟ್ ನಿಲ್ಲುತ್ತದೆ. ಕೆಲವು ವಿಪಿಎನ್‌ಗಳು, ಪ್ರಾಜೆಕ್ಟ್‌ಗೆ ಬಳಸುವ ಫಿಡ್ಲರ್‌ನಂಥ ತಂತ್ರಾಂಶಗಳೂ ಸರಿಯಾಗಿ ಮುಚ್ಚದಿದ್ದರೆ ಇದೇ ತೊಂದರೆ ಕೊಡುತ್ತವೆ. ಆದ್ದರಿಂದ ಮೊದಲ ಪ್ರಶ್ನೆ: ಈ ಮಧ್ಯವರ್ತಿಯನ್ನು ನೇಮಿಸಿದವರು ಯಾರು?

ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಪ್ರಾಕ್ಸಿ ಎಂದು ಸಾಗಿ. ‘ಯೂಸ್ ಎ ಪ್ರಾಕ್ಸಿ ಸರ್ವರ್’ ಆನ್ ಆಗಿದ್ದರೆ ಅಲ್ಲಿನ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಂಡು ಆಫ್ ಮಾಡಿ. ‘ಯೂಸ್ ಸೆಟಪ್ ಸ್ಕ್ರಿಪ್ಟ್’ ಕೂಡ ಮನೆಯಲ್ಲಿ ಬೇಕಿಲ್ಲ. ಕ್ರೋಮ್, ಎಡ್ಜ್ ಎರಡೂ ಇದೇ ಸೆಟ್ಟಿಂಗ್ ಬಳಸುತ್ತವೆ. ಫೈರ್‌ಫಾಕ್ಸ್‌ಗೆ ತನ್ನದೇ ಪ್ರತ್ಯೇಕ ಸೆಟ್ಟಿಂಗ್ ಇರುವುದರಿಂದ ಅದನ್ನೂ ನೋಡಿ.

ವಿಳಾಸ 127.0.0.1 ಎಂದಿದ್ದರೆ ಅದರ ಅರ್ಥ ‘ಇದೇ ಕಂಪ್ಯೂಟರ್’. ಅಂದರೆ ನಮ್ಮ ಯಂತ್ರದೊಳಗೇ ಒಂದು ಪ್ರೋಗ್ರಾಮ್ ಮಧ್ಯವರ್ತಿಯಾಗಿ ಕೂತಿದೆ, ಇಲ್ಲವೇ ಹಿಂದೆ ಕೂತಿತ್ತು. ಆ್ಯಂಟಿವೈರಸ್ ಕಳ್ಳನನ್ನು ಹಿಡಿದರೂ ಸೆಟ್ಟಿಂಗ್ ಹಾಗೆಯೇ ಉಳಿಯುವುದುಂಟು. ಆಗ ಬ್ರೌಸರ್ ಇಲ್ಲದ ಮಧ್ಯವರ್ತಿಯ ಬಾಗಿಲು ತಟ್ಟುತ್ತಲೇ ಇರುತ್ತದೆ. ವೈರಸ್ ತೆಗೆದ ಮೇಲೂ ನೆಟ್ ಬರುತ್ತಿಲ್ಲ ಎಂಬ ದೂರಿಗೆ ಹಲವು ಸಲ ಇದೇ ಕಾರಣ.

ಈಗ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಅದೇ ಪುಟವನ್ನು ಮತ್ತೆ ನೋಡಿ. ಸ್ವಿಚ್ ಆಫ್ ಆಗಿಯೇ ಇದ್ದರೆ ಅದು ಹಳೆಯ ಉಳಿಕೆಯೇ ಆಗಿರುವ ಸಾಧ್ಯತೆ ಹೆಚ್ಚು. ತಾನಾಗಿ ಮತ್ತೆ ಆನ್ ಆಗಿದ್ದರೆ ಯಾವುದೋ ಪ್ರೋಗ್ರಾಮ್ ಹಿಂದೆ ನಿಂತು ಕೆಲಸ ಮಾಡುತ್ತಿದೆ. ನೀವೇ ಹಾಕಿದ ವಿಪಿಎನ್, ಆ್ಯಂಟಿವೈರಸ್ ಇದ್ದರೆ ಮೊದಲು ಅವನ್ನು ಪರೀಕ್ಷಿಸಿ. ಅವಲ್ಲ ಎಂದಾದರೆ ಮಾಲ್‌ವೇರ್ ಎಂದೇ ಅನುಮಾನಿಸಿ. ಎಷ್ಟು ಸಲ ಆಫ್ ಮಾಡಿದರೂ ಪ್ರಯೋಜನವಿಲ್ಲ. ಜ್ವರದ ಮಾತ್ರೆ ನುಂಗಿದರೆ ಸೋಂಕು ಹೋಗುವುದಿಲ್ಲ.

ಇದರಿಂದ ಅವರಿಗೇನು ಲಾಭ? 2011ರ ನವೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಎಸ್ಟೋನಿಯಾ ಮೂಲದ ಒಂದು ಜಾಲವನ್ನು ಬಯಲಿಗೆಳೆಯಿತು. ‘ಡಿಎನ್‌ಎಸ್‌ಚೇಂಜರ್’ ಎಂಬ ಆ ಮಾಲ್‌ವೇರ್ ಸುಮಾರು 100 ದೇಶಗಳ 40 ಲಕ್ಷದಷ್ಟು ಕಂಪ್ಯೂಟರ್‌ಗಳ ಇಂಟರ್ನೆಟ್ ಸೆಟ್ಟಿಂಗ್ ಬದಲಿಸಿ, ಜನರನ್ನು ತನಗೆ ಬೇಕಾದ ಸೈಟ್, ಜಾಹೀರಾತುಗಳತ್ತ ತಿರುಗಿಸಿ ಹಣ ಮಾಡುತ್ತಿತ್ತು. ಸೋಂಕಿತರ ನೆಟ್ ಒಮ್ಮೆಲೇ ನಿಲ್ಲಬಾರದೆಂದು ನ್ಯಾಯಾಲಯದ ಆದೇಶದಂತೆ ಬದಲಿ ಸರ್ವರ್‌ಗಳನ್ನು 2012ರ ಜುಲೈ 9ರವರೆಗೆ ನಡೆಸಬೇಕಾಯಿತು. ಅದು ಪ್ರಾಕ್ಸಿಯಲ್ಲ, ಡಿಎನ್‌ಎಸ್. ಆದರೆ ತಂತ್ರ ಒಂದೇ: ದಾರಿಯ ನಡುವೆ ನಿಲ್ಲುವುದು. ಮಾಲ್‌ವೇರ್ ತನ್ನದೇ ಭದ್ರತಾ ಸರ್ಟಿಫಿಕೇಟನ್ನೂ ಸೇರಿಸಿಬಿಟ್ಟರೆ ಬೀಗದ ಚಿಹ್ನೆ ಇರುವ ಸೈಟ್‌ನ ಪಾಸ್‌ವರ್ಡನ್ನೂ ಓದಬಲ್ಲದು. ಆದ್ದರಿಂದ ಅನುಮಾನ ಬಂದ ಕಂಪ್ಯೂಟರ್‌ನಲ್ಲಿ ಪರೀಕ್ಷಾ ಶುಲ್ಕ ಕಟ್ಟಬೇಡಿ, ಬ್ಯಾಂಕ್ ಖಾತೆ ತೆರೆಯಬೇಡಿ. ಅಂದಿನ ಅರ್ಜಿ ಮೊಬೈಲ್‌ನಲ್ಲೋ ಸ್ನೇಹಿತರ ಮನೆಯಲ್ಲೋ ಹೋಗಲಿ.

ಇನ್ನು ಹುಡುಕಾಟ. ಇನ್‌ಸ್ಟಾಲ್ ಆದ ಆ್ಯಪ್‌ಗಳ ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ. ತೊಂದರೆ ಶುರುವಾದ ಹೊತ್ತಿಗೆ ಸೇರಿಕೊಂಡ, ನಿಮಗೆ ಗುರುತಿಲ್ಲದ ಹೆಸರನ್ನು ಪರಿಶೀಲಿಸಿ ತೆಗೆಯಿರಿ. ಬ್ರೌಸರ್‌ನ ಎಕ್ಸ್‌ಟೆನ್ಷನ್‌ಗಳನ್ನೂ, ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯನ್ನೂ ಹಾಗೆಯೇ ಸೋಸಿ. ಮನೆಯ ಕಂಪ್ಯೂಟರ್‌ನ ಕ್ರೋಮ್ ಮೆನುವಿನಲ್ಲಿ ‘ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಷನ್’ ಎಂದಿದ್ದರೆ ಎಚ್ಚರ. ಯಾವುದೋ ತಂತ್ರಾಂಶ ಬ್ರೌಸರ್‌ಗೆ ನಿಯಮ ಹೇರಿದೆ.

ಬಳಿಕ ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್’ ಆರಿಸಿ. ವಿಂಡೋಸ್ ಪೂರ್ತಿ ಏಳುವ ಮೊದಲೇ ಅದು ತಪಾಸಣೆ ಮಾಡುವುದರಿಂದ ಅಡಗಿ ಕೂರುವ ಮಾಲ್‌ವೇರ್‌ಗೆ ತಪ್ಪಿಸಿಕೊಳ್ಳುವುದು ಕಷ್ಟ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲೂ ಮಾಲ್‌ವೇರ್ ತೆಗೆಯುವ ಉಚಿತ ಸಾಧನಗಳಿವೆ. ಇದಾದ ಮೇಲೂ ಪ್ರಾಕ್ಸಿ ಮರಳಿ ಬಂದರೆ ಫಾರ್ಮ್ಯಾಟ್ ಅನಿವಾರ್ಯ. ಆಗಲೂ ಫೋಟೊ, ದಾಖಲೆಗಳನ್ನು ಮಾತ್ರ ನಕಲು ಮಾಡಿಕೊಳ್ಳಿ. ಹಳೆಯ ಸೆಟಪ್ ಫೈಲ್‌ಗಳನ್ನು ಬಿಡಿ, ಅವುಗಳಲ್ಲೇ ಸೋಂಕಿರಬಹುದು.

ಫಾರ್ಮ್ಯಾಟ್ ಮಾಡಿಸಿದ ಮೇಲೆ ಕ್ರ್ಯಾಕ್ ವಿಂಡೋಸ್ ಹಾಕಿಸಿಕೊಂಡರೆ ಕತೆ ಮತ್ತೆ ಮೊದಲಿಂದ. ‘ಆ್ಯಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ’ ಎನ್ನುವ ಯಾವ ತಂತ್ರಾಂಶವನ್ನೂ ನಂಬಬಾರದು. ನುಡಿ, ಪಿಡಿಎಫ್ ಕನ್ವರ್ಟರ್, ಹಳೆಯ ಪ್ರಶ್ನೆಪತ್ರಿಕೆ ಏನೇ ಇರಲಿ, ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಸಾಲದ್ದಕ್ಕೆ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರಕ್ಕೆ ವಿಂಡೋಸ್ 11 ಹೊಂದದಿದ್ದರೆ ಉಚಿತ ಲಿನಕ್ಸ್ ಹಾಕಿಕೊಳ್ಳಬಹುದು. ಅರ್ಜಿ ತುಂಬಲು, ಕೋಡಿಂಗ್ ಕಲಿಯಲು ಅದು ಸಾಕು.

ಕೊನೆಯದಾಗಿ, ಇ-ಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಸೋಂಕಿಲ್ಲದ ಬೇರೊಂದು ಸಾಧನದಿಂದ ಬದಲಿಸಿ. ಖಾತೆಯಿಂದ ಹಣ ಹೋಗಿದ್ದರೆ ನಾಳೆ ನೋಡೋಣ ಎನ್ನದೆ ಕೂಡಲೇ 1930ಕ್ಕೆ ಕರೆ ಮಾಡಿ. ಮನೆಯಲ್ಲಿ ಕಂಪ್ಯೂಟರ್ ಬಗ್ಗೆ ಒಂದಿಷ್ಟು ತಿಳಿದವರು ನಾವೇ ಆಗಿರುವಾಗ, ಅಪ್ಪ-ಅಮ್ಮನಿಗೂ ಈ ನಂಬರ್ ಬರೆದುಕೊಡುವುದು ನಮ್ಮದೇ ಕೆಲಸ.